ಎರಡು ವರ್ಷದ ಸಹಿ

ದಾವಣಗೆರೆಯಲ್ಲಿ ರವಿಕೆ ಹೊಲಿಯುವ ರುದ್ರಮ್ಮನ ಫೋನು ಸರಿಯಾಗಿ ಮದುವೆ ಸೀಸನ್ನಿನಲ್ಲೇ ಕೈಕೊಟ್ಟಿತು. ಗಿರಾಕಿಗಳು ಕರೆ ಮಾಡಿದರೆ ಮಾತೇ ಕೇಳಿಸದು. ಹೀಗೇ ಬಿಟ್ಟರೆ ಬಟ್ಟೆಯೆಲ್ಲ ಎದುರು ಬೀದಿಯ ದರ್ಜಿಯ ಪಾಲು. ಮಾರನೆಯ ದಿನವೇ ಅವಳು ಗಾಜಿನ ಬಾಗಿಲಿನ ದೊಡ್ಡ ಮೊಬೈಲ್ ಅಂಗಡಿ ಹೊಕ್ಕಳು.

ಮ್ಯಾನೇಜರ್ ಅವಳ ಕೈಚೀಲವನ್ನೊಮ್ಮೆ ನೋಡಿ, ಪಾಠ ಹೇಳುವವರಂತೆ ಶುರುಮಾಡಿದರು. "ನೋಡಮ್ಮಾ, ಈಗ ಯಾರೂ ಬರೀ ಫೋನ್ ಕೊಳ್ಳೋದಿಲ್ಲ, ಫೋನ್ ಸಮೇತ ಪ್ಲಾನ್ ತಗೋತಾರೆ. ಎರಡು ವರ್ಷ ತಿಂಗಳು ತಿಂಗಳು ಕಟ್ಟಬೇಕು. ನಡುವೆ ಬಿಡೋ ಹಾಗಿಲ್ಲ. ಇಲ್ಲಿ ಸಹಿ ಹಾಕಿ."

"ಹಾಕ್ತೀನಿ ಸಾರ್," ಎಂದು ರುದ್ರಮ್ಮ ಪೆನ್ನು ಹಿಡಿದೇಬಿಟ್ಟಳು. "ಫೋನು ಎರಡು ವರ್ಷ ಬಾಳಿಕೆ ಬರುತ್ತಲ್ವಾ?"

"ಐದು ವರ್ಷ ಬರುತ್ತೆ!"

"ಐದು ಬೇಡ. ಎರಡು ವರ್ಷದೊಳಗೆ ಕೆಟ್ಟರೆ ಬೇರೆ ಕೊಡ್ತೀವಿ ಅಂತ ಇದರಲ್ಲೇ ಬರೆದು ನೀವು ಸಹಿ ಹಾಕಿ. ಆಮೇಲೆ ನಾನು."

ಮ್ಯಾನೇಜರ್ ಕೆಮ್ಮಿದರು. "ಗ್ಯಾರಂಟಿ ಒಂದೇ ವರ್ಷಮ್ಮ. ಕಂಪನಿ ರೂಲ್ಸು."

"ಮಾಡಿದೋರಿಗೇ ಎರಡನೇ ವರ್ಷದ ನಂಬಿಕೆ ಇಲ್ಲ. ನನಗೆಲ್ಲಿಂದ ಬರಬೇಕು ಸಾರ್?"

ಪಕ್ಕದಲ್ಲಿ ಅದೇ ಪ್ಲಾನಿಗೆ ಸಹಿ ಹಾಕಲು ಬಗ್ಗಿದ್ದ ಮೇಷ್ಟರೊಬ್ಬರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಅದನ್ನು ಕಂಡದ್ದೇ ತಡ, ಮ್ಯಾನೇಜರ್ ಕೆಳಗಿನ ಕಪಾಟಿನಿಂದ ಸಾದಾ ಫೋನೊಂದನ್ನು ತೆಗೆದಿಟ್ಟರು. ಆರು ಸಾವಿರ. ಒಮ್ಮೆ ಕೊಟ್ಟರೆ ಮುಗಿಯಿತು, ಸಹಿ ಗಿಹಿ ಏನೂ ಇಲ್ಲ.

ದುಡ್ಡು ಕೊಟ್ಟು ಸಿಮ್ ಹಾಕಿಸಿದ ಮೇಲೆ, ಸರಿಯಾಗಿ ಕೇಳಿಸುತ್ತೋ ನೋಡಲು ಒಂದು ಕರೆ ಮಾಡಿ ಎಂದಳು ರುದ್ರಮ್ಮ. ಮ್ಯಾನೇಜರ್ ಜೇಬಿನಿಂದ ತಮ್ಮ ಫೋನ್ ತೆಗೆದರು. ಗಾಜು ಒಡೆದಿತ್ತು, ಸುತ್ತ ರಬ್ಬರ್ ಬ್ಯಾಂಡ್ ಬಿಗಿದಿತ್ತು.

"ಇದೂ ಪ್ಲಾನಿಂದಾ ಸಾರ್?"

"ಹೂಂ," ಎಂದರು ಮ್ಯಾನೇಜರ್, ಮೇಷ್ಟರಿಗೆ ಕೇಳಿಸದಂತೆ. "ಇನ್ನೂ ಹನ್ನೊಂದು ತಿಂಗಳು ಕಟ್ಟೋದಿದೆ."