ಮುಕ್ಕಾಲು ಹೊಳೆ

ಹೊಳೆಗೆ ಇನ್ನೂ ಸೇತುವೆ ಇಲ್ಲದಿದ್ದ ಕಾಲ ಅದು. ದಡದಲ್ಲಿ ನಿಂತು ಒಂದು ಕೂಗು ಹಾಕಿದರೆ ಆಚೆಯಿಂದ ಹರಿಗೋಲು ಬರುತ್ತಿತ್ತು. ಬರುವ ತನಕ ಹೊಂಗೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಾಕಿಕೊಂಡು, ಎರಡೂರಿನ ಸುದ್ದಿ ಮಾತಾಡಿ ಮುಗಿಸಬಹುದಿತ್ತು. ಈಗಿನವರು ಎರಡೇ ನಿಮಿಷಕ್ಕೆ ಆಚೆ ಸೇರುತ್ತಾರೆ. ಸೇರಲಿ, ಒಳ್ಳೆಯದೇ. ಆದರೆ ಅವರಿಗೆ ಪುಟ್ಟಜವರ ಯಾರು ಅಂತ ಗೊತ್ತಿಲ್ಲ.

ಮಡವಿನಕೊಪ್ಪಲಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳ ಒಬ್ಬನೇ ಮಗ ಈ ಪುಟ್ಟಜವರ. ಆಳು ಎತ್ತರ, ತೋಳು ಗಟ್ಟಿ, ಮನಸ್ಸು ಚಿನ್ನ. ತಲೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಹಿಡಿದುಕೊಳ್ಳುತ್ತಿತ್ತು. ಒಮ್ಮೆ ಅವ್ವ ಮೆಣಸಿನಕಾಯಿ ಹರಡಿ, ಬಿಸಿಲು ಬಿದ್ದ ಕಡೆಯೇ ಇರಲಿ, ನೆರಳಿಗೆ ಬಿಡಬೇಡ ಅಂತ ಹೇಳಿ ಕಳೆ ಕೀಳಲು ಹೋದಳು. ಬಿಸಿಲು ಸರಿದ ಹಾಗೆ ಇವನೂ ಸರಿಸಿದ. ಅಂಗಳದಿಂದ ಬೀದಿಗೆ, ಬೀದಿಯಿಂದ ಪಕ್ಕದವರ ಹಿತ್ತಿಲಿಗೆ. ಸಂಜೆ ಅವಳು ಬಂದು ನೋಡಿದರೆ ಮಗನೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಹುಡುಕಿಕೊಂಡು ಹೋದಾಗ ಎರಡೂ ಊರಾಚೆಯ ಗುಡ್ಡದ ನೆತ್ತಿಯಲ್ಲಿ, ಕಡೆಯ ಬಿಸಿಲಿನಲ್ಲಿ ಇದ್ದವು.

ನೀರಿನ ಮೇಲೆ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಪಂಚಾಯ್ತಿಯವರು ಹರಿಗೋಲನ್ನು ಅವನ ಕೈಗೇ ಕೊಟ್ಟಿದ್ದರು. ದಾಟುವವರಿಗೆ ಪುಕ್ಕಟೆ, ಅವನಿಗೆ ಪಂಚಾಯ್ತಿಯಿಂದ ಸಂಬಳ. ತಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಯಾರು ಗತಿ ಅಂತ ಕೊರಗಿದಾಗಲೆಲ್ಲ ಚಿಕ್ಕತಾಯಮ್ಮ, ಹರಿಗೋಲಿದೆಯಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಹೀಗಿರುವಾಗ ಚೇರ್ಮನ್ ಶಿಂಗ್ರೇಗೌಡರು ತಾಲ್ಲೂಕಿನಿಂದ ಒಂದು ಆರ್ಡರ್ ತಂದರು. ಇನ್ನು ಮೇಲೆ ಯಾವ ಪಂಚಾಯ್ತಿಯೂ ಬಂದದ್ದಕ್ಕಿಂತ ಹೆಚ್ಚು ಖರ್ಚು ಮಾಡುವ ಹಾಗಿಲ್ಲವಂತೆ. ಆಚೆ ದಡದ ಹೊಸೂರಿನಲ್ಲಿ ಪಂಚಾಯ್ತಿ ಕಟ್ಟೆ. ಅಲ್ಲಿ ಸಭೆ ಸೇರಿ ದೊಡ್ಡ ವಾದವಾಯಿತು. ಎಲ್ಲಕ್ಕಿಂತ ಹೆಚ್ಚಿನ ಖರ್ಚು ಹರಿಗೋಲಿನದು, ಅದನ್ನೇ ನಿಲ್ಲಿಸೋಣ ಅಂದರು ಗೌಡರು. ಹೊಸೂರಿನ ಮೆಂಬರ್ ಬೋರಯ್ಯ ಒಪ್ಪಲಿಲ್ಲ.

"ಹೊಳೆ ಅಗಲ ಕಮ್ಮಿ ಆಗೈತಾ ಗೌಡ್ರೇ? ಆಗಿದ್ರೆ ಹೇಳಿ, ಹರಿಗೋಲಿನ ಖರ್ಚೂ ಕಮ್ಮಿ ಮಾಡನ" ಅಂದ.

ಕಡೆಗೆ ಮುಂದಿನ ಸಭೆಯ ತನಕ ನೋಡೋಣ, ಅಷ್ಟರಲ್ಲಿ ದೂರು ಬಂದರೆ ಹರಿಗೋಲಿಗೆ ಬೀಗ ಅಂತಾಯಿತು. ಸುದ್ದಿ ಕೇಳಿದ ಚಿಕ್ಕತಾಯಮ್ಮ, ಚೇರ್ಮನ್ನರು ಹೇಳಿದ ಹಾಗೆ ನಡೆದುಕೋ ಅಂತ ಮಗನಿಗೆ ಸಾರಿ ಸಾರಿ ಹೇಳಿದಳು. ಅವನು ಗೌಡರ ಬಳಿಗೇ ಹೋಗಿ ಹೇಗೆ ನಡೆದುಕೊಳ್ಳಲಿ ಅಂತ ಕೇಳಿದ. ಗೌಡರು ಊಟಕ್ಕೆ ಕೂತಿದ್ದರು. ಎಷ್ಟು ಬರುತ್ತದೋ ಅಷ್ಟೇ ಹೋಗಬೇಕು, ಒಂದೂ ಹೆಚ್ಚು ಹೋಗಬಾರದು, ಅದೇ ಸರ್ಕಾರದ ನಿಯಮ ಅಂದುಬಿಟ್ಟರು.

ಮಾರನೆಯ ಬೆಳಗ್ಗೆ ಹೊಸೂರಿನಿಂದ ಏಳು ಜನ ಬಂದರು. ಕೊಪ್ಪಲಿನಿಂದ ಹೆಣ್ಣು ನೋಡಲು ಎಂಟು ಜನ ಹೊರಟಿದ್ದರು. ಪುಟ್ಟಜವರ ಎಣಿಸಿ ಏಳು ಜನರನ್ನು ಹತ್ತಿಸಿಕೊಂಡ. ಉಳಿದವನು ಮದುವೆ ಗಂಡು. ಅಲ್ಲಿಂದ ಒಬ್ಬರು ಬರಲಿ, ಆಮೇಲೆ ನೀನು ಹೋಗುವೆಯಂತೆ ಅಂತ ಅವನನ್ನು ಹೊಂಗೆ ಮರದ ಕೆಳಗೆ ಕೂರಿಸಿದ. ಮಧ್ಯಾಹ್ನ ಹೆಣ್ಣಿನ ಕಡೆಯವನೊಬ್ಬ ಗಂಡೆಲ್ಲಿ ಅಂತ ಹುಡುಕಿಕೊಂಡು ಬಂದ. ಲೆಕ್ಕ ಸರಿಹೋಯಿತು, ಗಂಡು ಹೊಳೆ ದಾಟಿದ. ಅಷ್ಟು ಹೊತ್ತಿಗೆ ಆ ಮನೆಯವರು ಗಂಡಿನ ಸೋದರಮಾವನನ್ನೇ ಗಂಡು ಅಂದುಕೊಂಡು, ವಯಸ್ಸಾಯಿತು ಅಂತ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದರು.

ಗೌಡರಿಗೆ ದೂರು ಹೋಯಿತು. ಅವರು ಪುಟ್ಟಜವರನನ್ನು ಕರೆಸಿ ಚೆನ್ನಾಗಿ ಬೈದರು. ತಲೆ ಎಣಿಸುವುದಲ್ಲವೋ, ಬೇಕಾದ್ದು ಯಾವುದು, ಬೇಡದ್ದು ಯಾವುದು ನೋಡಬೇಕು. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಕೈಬಿಡಬೇಕು ಅಂದರು. ಹಂಗೇ ಆಗಲಿ ಬುದ್ದಿ ಅಂದ.

ಅವತ್ತಿನಿಂದ ಹತ್ತಲು ಬಂದವರನ್ನೆಲ್ಲ ಕೇಳತೊಡಗಿದ. ಯಾಕೆ ಹೋಗುತ್ತೀರಿ, ಹೋಗದಿದ್ದರೆ ಆಗದಾ? ಮಗಳನ್ನು ನೋಡಲು ಹೊರಟ ಮುದುಕಿಯೊಬ್ಬಳು, ಸುಮ್ಮನೆ ಹಂಗೇ ಹೋಗ್ತೀನಿ ಕಣಪ್ಪ ಅಂದು ದಡದಲ್ಲೇ ಉಳಿದಳು. ಸಭೆಯ ದಿನ ಬಂತು. ಗೌಡರು ಕಾಗದದ ಕಟ್ಟು ಹಿಡಿದು ಬಂದರು. ಅವರನ್ನೂ ಕೇಳಿದ.

"ಸಭೇಲಿ ಏನ್ ಮಾಡೀರಿ ಬುದ್ದಿ?"

"ಮಾತಾಡ್ತೀವಿ ಕಣೋ, ಇನ್ನೇನ್ ಮಾಡಾರು."

ಪುಟ್ಟಜವರ ಯೋಚಿಸಿದ. ಕಾಗದ ಅಲ್ಲಿಗೆ ಬೇಕೇ ಬೇಕು. ಮಾತಾದರೆ ಇಲ್ಲೂ ಆಡಬಹುದು. ಕಾಗದದ ಕಟ್ಟನ್ನು ಮೆಲ್ಲಗೆ ಇಸಿದುಕೊಂಡು ಹರಿಗೋಲಿನ ನಡುವೆ ಇಟ್ಟು, ಹುಟ್ಟು ಹಾಕಿ ಹೊರಟೇಹೋದ. ಗೌಡರ ಕೂಗು ಅರ್ಧ ಹೊಳೆಯ ತನಕ ಕೇಳಿಸುತ್ತಿತ್ತು. ಆಚೆ ದಡಕ್ಕೆ ಬೋರಯ್ಯನೇ ಬಂದು ಪುಟ್ಟಜವರನನ್ನು ಬೈದು ಗೌಡರನ್ನು ಕರೆತರಿಸಬೇಕಾಯಿತು.

ಆ ಸಭೆಯಲ್ಲಿ ಗೌಡರು ಕುದಿಯುತ್ತಿದ್ದರು. ಇವತ್ತೇ ಹರಿಗೋಲು ನಿಲ್ಲಲಿ ಅಂದರು. ಬೋರಯ್ಯ ಪಟ್ಟು ಹಿಡಿದ. ವಾದ ಮುಗಿಯದೆ ಕಡೆಗೆ ಒಂದು ರಾಜಿಯಾಯಿತು. ಬಾವಿ ಹಗ್ಗ, ಬೀದಿ ದೀಪ, ಹರಿಗೋಲು, ಎಲ್ಲದರಲ್ಲೂ ಕಾಲು ಭಾಗ ಕಡಿತ. ಠರಾವಿಗೆ ಮಾರನೆಯ ದಿನ ರುಜು ಹಾಕುವುದು ಅಂತ ಎದ್ದರು. ವಾಪಸು ಬರುವಾಗ ಗೌಡರು ಪುಟ್ಟಜವರನಿಗೆ ಬಿಡಿಸಿ ಹೇಳಿದರು. ನಾಳೆಯಿಂದ ಕಾಲು ಭಾಗ ಕಡಿತ, ಎಲ್ಲರಿಗೂ ಒಂದೇ ಸಮ. ದೊಡ್ಡವರು ಚಿಕ್ಕವರು ಅನ್ನಬೇಡ. ಇದು ಸಭೆಯ ತೀರ್ಮಾನ, ಸಭೆಯೇ ಬದಲಾಯಿಸುವ ತನಕ ನಾನು ಹೇಳಿದರೂ ಕೇಳಬೇಡ.

ಸಂಬಳ ಕಡಿಮೆಯಾದರೂ ಹರಿಗೋಲು ಉಳಿಯಿತಲ್ಲ ಅಂತ ಚಿಕ್ಕತಾಯಮ್ಮ ಅವತ್ತು ನಿರಾಳವಾಗಿ ಉಂಡಳು.

ಹೊಳೆಯಲ್ಲಿ ಮುಕ್ಕಾಲು ದೂರಕ್ಕೆ ಒಂದು ಮರಳುದಿಬ್ಬವಿತ್ತು. ಮಾರನೆಯ ಬೆಳಗ್ಗೆ ಗೌಡರನ್ನೂ ನಾಲ್ಕು ಜನ ಮೆಂಬರುಗಳನ್ನೂ ಕೂರಿಸಿಕೊಂಡು ಹೊರಟ ಪುಟ್ಟಜವರ, ಅವರನ್ನು ಕೈಹಿಡಿದು ಮರ್ಯಾದೆಯಿಂದ ಆ ದಿಬ್ಬದ ಮೇಲೆ ಇಳಿಸಿದ. ಇಲ್ಲಿಗೆ ಮುಕ್ಕಾಲಾಯಿತು ಬುದ್ದಿ ಅಂದು ವಾಪಸು ಹೊರಟ. ಆಮೇಲೆ ಮೊಸರು ಮಾರುವವಳು, ಮೇಷ್ಟ್ರು, ಆ ಮದುವೆ ಗಂಡು, ಮಗಳ ಮನೆಗೆ ಹೊರಟ ಮುದುಕಿ. ಎಲ್ಲರಿಗೂ ಒಂದೇ ಸಮ. ಆಚೆ ದಡದವರನ್ನು ಮಾತ್ರ ಹತ್ತಿಸಿಕೊಳ್ಳಲಿಲ್ಲ. ಅಲ್ಲಿಂದ ಮುಕ್ಕಾಲು ಅಂದರೆ ಮಡುವಿನ ನಡುವಿಗೆ ಬರುತ್ತದೆ, ಅಷ್ಟು ಬುದ್ಧಿ ಅವನಿಗೂ ಇತ್ತು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ದಿಬ್ಬದ ಮೇಲಿತ್ತು. ಮರಳು ಕಾದು ಕಾಲು ಸುಡುತ್ತಿತ್ತು. ಗೌಡರು ಗದರಿದರು, ಆಮೇಲೆ ಕೇಳಿಕೊಂಡರು. ಪುಟ್ಟಜವರ ಕೈಮುಗಿದು, ನಾನು ಹೇಳಿದರೂ ಕೇಳಬೇಡ ಅಂದೋರು ನೀವೇ ಅಲ್ವಾ ಬುದ್ದಿ ಅಂದ.

ಕೊಪ್ಪಲಿನ ದಡದಲ್ಲಿ ಚಿಕ್ಕತಾಯಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮುಗಿಯಿತು, ಇನ್ನು ಅನ್ನಕ್ಕೆ ದಾರಿಯಿಲ್ಲ ಅಂದುಕೊಂಡಳು. ದಿಬ್ಬದ ಮೇಲೆ ಜನ ಸುತ್ತುಗಟ್ಟುವುದು ಕಂಡಿತು. ಸಭೆ ಅಲ್ಲೇ ಕೂತಿತ್ತು. ಮುದುಕಿ, ಮೇಷ್ಟ್ರು, ಮೊಸರಿನವಳು, ಎಲ್ಲರೂ ಮಾತಾಡಿದರು. ಗೌಡರು ಮೊದಲ ಸಲ ಮಧ್ಯೆ ಬಾಯಿ ಹಾಕದೆ ಕೇಳಿದರು. ಹರಿಗೋಲಿಗೆ ಯಾವ ಕಡಿತವೂ ಇಲ್ಲ ಅಂತ ಠರಾವಾಯಿತು. ಆಚೆ ದಡದಲ್ಲಿದ್ದ ಬೋರಯ್ಯ ಕೊಡೆ ಎತ್ತಿ ಒಪ್ಪಿಗೆ ಕೊಟ್ಟ. ಪುಟ್ಟಜವರ ಒಡನೆಯೇ ಎಲ್ಲರನ್ನೂ ದಾಟಿಸಿದ.

ಸಂಜೆ ಗೌಡರು ಚಿಕ್ಕತಾಯಮ್ಮನ ಬಾಗಿಲಿಗೆ ಬಂದರು. ಬೈಯುತ್ತಾರೇನೋ ಅಂತ ಅವಳು ಮಗನಿಗೆ ಅಡ್ಡವಾಗಿ ನಿಂತಳು. "ಕಾಲು ಸುಟ್ಟ ಮೇಲೆ ನಂಗೂ ಗೊತ್ತಾಯ್ತು ಕಣವ್ವ" ಅಂತಷ್ಟೇ ಹೇಳಿ ಹೊರಟುಹೋದರು. ಅವಳು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರಿದಳು.

"ಇನ್ ಯಾರ್ ಮಾತೂ ಕೇಳಬ್ಯಾಡ ಕಣ್ ಮಗ. ಒಬ್ರನ್ನೂ ಹೊಳೆ ನಡುವೆ ನಿಲ್ಲಕ್ ಬಿಡಬ್ಯಾಡ. ಆಚೆ ದಡ ಸೇರ್ಸು. ಅಷ್ಟೇ ನಿನ್ ಕೆಲ್ಸ."

ಇಪ್ಪತ್ತು ವರ್ಷ ಅವನು ಹಾಗೇ ಮಾಡಿದ. ಎಂಥ ಚೆಂದದ ವರ್ಷಗಳವು! ಅವನ ಹುಟ್ಟಿನ ಸದ್ದು ಕೇಳಿಯೇ ಕೊಪ್ಪಲಿನವರು ಹೊತ್ತು ಹೇಳುತ್ತಿದ್ದರು.

ಆಮೇಲೆ ಸೇತುವೆಯಾಯಿತು. ಅದನ್ನು ತೆರೆದ ದಿನ ಎರಡೂರೂ ಅದರ ನಡುವೆ ನಿಂತು ಹೊಳೆ ನೋಡುತ್ತಿದ್ದವು. ಮುದುಕರಾಗಿದ್ದ ಶಿಂಗ್ರೇಗೌಡರು ಅಲ್ಲೇ ನಿಂತು ಭಾಷಣ ಮಾಡುತ್ತಿದ್ದರು. ಹರಿಗೋಲು ಹೋಯಿತು ಅಂತ ಪುಟ್ಟಜವರನನ್ನು ಕೈಬಿಡುವುದಿಲ್ಲ, ಸೇತುವೆ ಕಾಯುವ ಕೆಲಸವನ್ನು ಪಂಚಾಯ್ತಿ ಅವನಿಗೇ... ಅನ್ನುವಷ್ಟರಲ್ಲಿ ಪುಟ್ಟಜವರ ಬಂದು ಅವರ ರಟ್ಟೆ ಹಿಡಿದು ಆಚೆ ದಡಕ್ಕೆ ನಡೆಸಿಕೊಂಡು ಹೋದ. ಉಳಿದ ಮಾತನ್ನು ಗೌಡರು ಅಲ್ಲೇ ಮುಗಿಸಿದರು. ಪುಟ್ಟಜವರ ಕೇಳಿಸಿಕೊಳ್ಳಲಿಲ್ಲ. ನಡುವೆ ನಿಂತವರು ಇನ್ನೂ ತುಂಬ ಜನ ಇದ್ದರು. ಒಬ್ಬೊಬ್ಬರನ್ನೇ ಆಚೆ ಸೇರಿಸಿದ.

ಕಡೆಯವಳು ಚಿಕ್ಕತಾಯಮ್ಮ. ಬೆನ್ನು ಬಾಗಿತ್ತು, ಗೌಡರ ಮಾತು ಕೇಳಿ ಕಣ್ಣು ಒದ್ದೆಯಾಗಿತ್ತು. ಅವಳನ್ನೂ ಕೈಹಿಡಿದು ಆಚೆ ದಡ ಮುಟ್ಟಿಸಿದ. ನಮ್ಮ ಮನೆ ಕೊಪ್ಪಲಿನ ದಡದಲ್ಲಲ್ಲವೇನೋ ಅಂದಳು. ಹೌದಲ್ಲ ಅಂತ ಅವಳನ್ನು ಕರೆದುಕೊಂಡು ವಾಪಸು ಹೊರಟ. ಸೇತುವೆಯ ನಡುವೆ ಬಂದಾಗ ಕೆಳಗೆ ಆ ಮರಳುದಿಬ್ಬ ಕಂಡಿತು. ಹಳೆಯದೆಲ್ಲ ನೆನಪಾಗಿ ಅವಳು ಒಂದು ಗಳಿಗೆ ನಿಂತುಬಿಟ್ಟಳು.

"ನಡುವೆ ನಿಲ್ಲಬಾರ್ದು ಕಣವ್ವ, ನೀನೇ ಹೇಳಿದ್ದಲ್ವಾ" ಅಂದು ಪುಟ್ಟಜವರ ಅವಳ ಕೈಹಿಡಿದು ತಿರುಗಿಸಿ, ಮತ್ತೆ ಆಚೆ ದಡಕ್ಕೇ ಕರೆದುಕೊಂಡು ಹೋದ.