ಬಿಳಿಗೋಡೆಯ ಮೇಲೆ ಗುರುವಿನ ಜಾಡು

ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳೋ ಮಾತಲ್ಲ ಇದು. ನಿಮ್ಮ ಹೊಟ್ಟೆಯಲ್ಲೇ ಇರಲಿ, ನಾನು ಹೇಳಿದೆ ಅಂತ ಮಾತ್ರ ಎಲ್ಲೂ ಅನ್ನಬೇಡಿ.

ಹಿಮಾಲಯದ ಮಗ್ಗುಲಲ್ಲಿ ಒಂದು ಪುಟ್ಟ ಆಶ್ರಮ. ಅದರ ಪಕ್ಕದ ತಗಡಿನ ಮನೆ ನನ್ನದು. ಆಶ್ರಮದಲ್ಲಿ ಹೊನ್ನಯ್ಯ ಅಂತ ಗುರುಗಳು. ಮಿಲಿಟರಿಯಲ್ಲಿದ್ದಾಗ, ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರೋ ಸ್ಕೀ ಕಲಿತವರು. ಗಡ್ಡ ಬೆಳೆದರೂ ಅದನ್ನು ಬಿಡಲಿಲ್ಲ. ಧ್ಯಾನ ಬೇಕು ಅಂತ ಬಂದವರ ಕಾಲಿಗೂ ಆ ಉದ್ದದ ಹಲಗೆ ಕಟ್ಟಿಸಿ ಗುಡ್ಡ ಹತ್ತಿಸೋರು.

ಈ ಚಳಿಗಾಲ ಬಂದ ಶಿಷ್ಯ ತಿಪ್ಪೇಶ. ಚಳ್ಳಕೆರೆಯವನು, ಟ್ರ್ಯಾಕ್ಟರ್ ರಿಪೇರಿ ಮಾಡೋನು. ಐಸ್ ಕ್ಯಾಂಡಿ ಬಿಟ್ಟರೆ ಬೇರೆ ಹಿಮ ಕಂಡವನಲ್ಲ. ಮೊದಲ ವಾರ ಬಿದ್ದದ್ದೇ ಬಿದ್ದದ್ದು. ಎರಡು ತಿಂಗಳಲ್ಲಿ ಹಕ್ಕಿ ಹಾಗೆ ಇಳಿಯೋಕೆ ಶುರು ಮಾಡಿದ.

ಅವನಿಗೊಂದೇ ಹುಚ್ಚು. ನಮ್ಮ ಅಂಗಳದ ಎದುರಿಗೆ, ಹಳ್ಳದ ಆಚೆ, ಬಿಳಿಗೋಡೆ ಅಂತ ಒಂದು ದೊಡ್ಡ ಇಳಿಜಾರಿದೆ. ಊರಿಗೆ ಹೋಗೋ ಮುಂಚೆ ಅದನ್ನೊಂದು ಸಲ ಇಳೀಬೇಕು ಅಂತ. ಹೋದ ವರ್ಷ ಆ ಗೋಡೆಯ ಹಿಮ ಕುಸಿದು ಆಶ್ರಮದ ಎರಡು ಹೇಸರಗತ್ತೆಗಳನ್ನು ನುಂಗಿತ್ತು.

ಗುರುಗಳು ದಿನಾ ಸಲಿಕೆ ಹಿಡಿದು ಹತ್ತೋರು. ಮೇಲೆ ಒಂದು ಗುಂಡಿ ತೋಡೋರು, ಅದರೊಳಗೆ ತಲೆ ಹಾಕೋರು, ವಾಪಸು ಬರೋರು. ಬಾಟಲಿ ಹೂತಿಟ್ಟಿದ್ದಾರೆ ಅಂತ ನಾನು ನಾಲ್ಕು ಮನೆಗೆ ಹೇಳಿದ್ದೆ. ಸುಳ್ಳಾಗಿತ್ತು, ಬಿಡಿ.

ತಿಪ್ಪೇಶ ಕೇಳಿದಾಗಲೆಲ್ಲ ಒಂದೇ ಉತ್ತರ.

“ಇವತ್ತಲ್ಲ.”

ಅವನು ಊರಿಗೆ ಹೊರಡೋ ಹಿಂದಿನ ದಿನ. ಮುಂಜಾನೆ ಎದ್ದು ನೋಡಿದರೆ, ರಾತ್ರಿ ಚಳಿಗೆ ಗಟ್ಟಿಯಾಗಿದ್ದ ಬಿಳಿಗೋಡೆಯ ಮೇಲಿಂದ ಕೆಳಗಿನ ತನಕ ಒಂದು ಚಂದದ ಗೆರೆ. ಗುರುಗಳು ಒಬ್ಬರೇ ಇಳಿದು ಬಂದು, ಏನೂ ಆಗದವರ ಹಾಗೆ ಜಗಲಿ ಮೇಲೆ ಬೆಳ್ಳುಳ್ಳಿ ಸುಲೀತಾ ಕೂತಿದ್ದರು! ಶಿಷ್ಯನಿಗೆ ಉಪವಾಸ, ಗುರುವಿಗೆ ಹೋಳಿಗೆ. ಇದನ್ನು ಹೇಳದೆ ಇರೋಕಾಗುತ್ತಾ? ತಿಪ್ಪೇಶ ಬೆಳಿಗ್ಗೇನೇ ಕಟ್ಟಿಗೆ ತರೋಕೆ ಹೋಗಿದ್ದ, ಬರೋ ಹೊತ್ತಿಗೆ ಮಧ್ಯಾಹ್ನ. ನಾನೇ ಹೋಗಿ ಅವನ ಕಿವಿಗೆ ಹಾಕಿದೆ.

ಕೇಳಿದ್ದೇ ತಡ, ಹಲಗೆ ಹೆಗಲಿಗೇರಿಸಿದ.

“ಎಲ್ಲಿಗೋ?” ಅಂದರು ಗುರುಗಳು.

“ಬಿಳಿಗೋಡೆಗೆ.”

“ಹಿಮ ನೋಡಿದೆಯಾ?”

“ನಿಮ್ಮ ಜಾಡೇ ಇದೆಯಲ್ಲ ಗುರುಗಳೇ. ಗುರು ಹೋದ ದಾರೀಲಿ ಶಿಷ್ಯ ಹೋದರೆ ಭಯವೇನು?”

ಗುರುಗಳು ಬೆಳ್ಳುಳ್ಳಿ ಮೊರ ಪಕ್ಕಕ್ಕಿಟ್ಟರು. “ನಡಿ, ನಾನೂ ಬರ್ತೀನಿ.”

ಗುಡ್ಡದ ಮೇಲೆ ನಡೆದದ್ದನ್ನು ಸಂಜೆ ತಿಪ್ಪೇಶನೇ ನನ್ನ ಒಲೆ ಮುಂದೆ ಕೂತು ಬಾಯಿಬಿಟ್ಟ. ಎರಡು ಲೋಟ ಚಹಾ ಖರ್ಚಾಯಿತು.

ತುದೀಲಿ ನಿಂತು ಗುರುಗಳು ಸಲಿಕೆ ಅವನ ಕೈಗೆ ಕೊಟ್ಟರಂತೆ.

“ತೋಡು.”

“ಜಾಡು ಕಣ್ಣೆದುರೇ ಇದೆಯಲ್ಲ, ಗುರುಗಳೇ.”

“ತೋಡು.”

ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು. ಗೊಣಗುತ್ತಾ ಸೊಂಟದುದ್ದ ತೋಡಿದ. ಒಂದು ಹಿಡಿ ಹಿಮ ತೆಗೆದು ಹಿಂಡಿದರೆ ನೀರು ಸೋರಿತು. ಗುಂಡಿಯ ಅಂಚಿಗೆ ಸಲಿಕೆಯಿಂದ ಮೆಲ್ಲಗೆ ತಟ್ಟಿದರೆ ಮೇಲಿನ ಪದರ ಪೂರ್ತಿ ಜಾರಿ ಅವನ ಮಡಿಲಿಗೇ ಬಂದು ಬಿತ್ತು.

“ಹೆಂಗಿದೆ?”

“ನೆನೆಹಾಕಿದ ಅವಲಕ್ಕಿ ಹಂಗಿದೆ.”

“ಹಂಗಾದ್ರೆ?”

ತಿಪ್ಪೇಶ ಜಾಡು ನೋಡಿದ, ಗುಂಡಿ ನೋಡಿದ, ಮತ್ತೆ ಜಾಡು ನೋಡಿದ. “ನಾಳೆ ನಾನು ಹೊರಡ್ತೀನಿ ಗುರುಗಳೇ. ಇನ್ನು ಯಾವತ್ತು ಬರ್ತೀನೋ. ನೀವು ಇಳಿದಿದ್ದೀರಿ, ನಂಗೇನಾಗುತ್ತೆ?”

ಗುರುಗಳು ಬಯ್ಯಲಿಲ್ಲ. ಬಗ್ಗಿ ತಮ್ಮ ಹಲಗೆ ಕಟ್ಟಿಕೊಂಡರು.

“ಸರಿ. ನಾನು ಅರ್ಧಕ್ಕಿಳಿದು ನಿಂತಿರ್ತೀನಿ. ನೀನು ಮೇಲಿಂದ ಬಾ.”

ತಿಪ್ಪೇಶ ಓಡಿ ಅವರ ಕಂಬಳಿ ಜಗ್ಗಿದ. “ಬೇಡಿ, ಬೇಡಿ! ನಿಮ್ಮ ಮೇಲೇ ಕುಸಿದರೆ?”

“ಕುಸಿಯುತ್ತಾ?”

“ಕುಸಿಯುತ್ತೆ.”

“ನಿನ್ನ ಮೇಲಾದ್ರೆ ಕುಸಿಯಲ್ವಾ?”

ಅವನು ಹಿಮದ ಮೇಲೆ ದೊಪ್ಪನೆ ಕೂತ. ಸ್ವಲ್ಪ ಅತ್ತಿರಬೇಕು. ನನಗೆ ಹೇಳುವಾಗ ಚಳಿಗೆ ಕಣ್ಣಲ್ಲಿ ನೀರು ಬಂತು ಅಂದ. ನಾನೂ ಹೂಂ ಅಂದೆ.

ಆಮೇಲೆ ತಲೆ ಎತ್ತಿ ಗುಡ್ಡದ ಪಕ್ಕದ ಮಗ್ಗುಲು ನೋಡಿದ. ಬಿಸಿಲು ಸೋಕದ ಕಡೆ, ಎಮ್ಮೆ ಬೆನ್ನಿನ ಹಾಗೆ ಒಂದು ಇಳಿಜಾರು, ಹಳ್ಳದ ತಲೆ ಬಳಸಿ ನಮ್ಮ ಹಿತ್ತಲಿಗೇ ಬಂದು ಮುಟ್ಟೋದು. ಅಷ್ಟು ದಿನ ಅವನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಯಾರೂ ಹೇಳದೆ ಅಲ್ಲಿಗೆ ನಡೆದ. ಕೋಲು ಇಟ್ಟು ಓರೆ ಎಷ್ಟಿದೆ ಅಂತ ಅಳೆದ. ಮತ್ತೆ ತೋಡಿದ. ಒಳಗೆ ಒಣ ಹಿಮ, ಮೇಲಿಂದ ತಳದವರೆಗೆ ಒಂದೇ ಹದ. ಸಲಿಕೆಯಿಂದ ಗುದ್ದಿದ, ಅಲ್ಲಾಡಲಿಲ್ಲ. ಹತ್ತಿ ಕುಣಿದ, ಆಗಲೂ ಅಲ್ಲಾಡಲಿಲ್ಲ.

“ಇಲ್ಲಿ ಇಳೀಬಹುದು,” ಅಂದ. “ಒಬ್ಬೊಬ್ಬರೇ. ನಾನು ಮೊದಲು. ನಾನು ಕೆಳಗೆ ಮುಟ್ಟಿ ಕೈ ಎತ್ತೋ ತನಕ ನೀವು ಹೊರಡಬಾರದು.”

ಗುರುವಿಗೇ ಅಪ್ಪಣೆ!

“ಆಗಲಪ್ಪ,” ಅಂದರು ಗುರುಗಳು.

ಇನ್ನು ಮುಂದಿನದು ನಾನೇ ಕಣ್ಣಾರೆ ಕಂಡದ್ದು. ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ತಿಪ್ಪೇಶ “ಹೋಯ್” ಅಂತ ಕೂಗುತ್ತಾ, ಹಿಮದ ಹುಡಿ ಎಬ್ಬಿಸುತ್ತಾ ಬಂದ, ನನ್ನ ಹಗ್ಗದ ಹತ್ತಿರ ನಿಂತು ಕೈ ಎತ್ತಿದ. ಆಮೇಲೆ ನಮ್ಮ ಗುರುಗಳು. ಎಪ್ಪತ್ತರ ಮುದುಕರು, ಶಿಷ್ಯ ಎಳೆದ ಗೆರೆಯ ಮೇಲೇ, ಒಂದು ಗೇಣು ಆಚೀಚೆ ಆಗದ ಹಾಗೆ, ನಗುತ್ತಾ ಇಳಿದು ಬಂದರು.

ನನಗೆ ತಡೆಯಲಿಲ್ಲ. ಸೊಂಟಕ್ಕೆ ಕೈಯಿಟ್ಟು ಕೇಳಿಯೇ ಬಿಟ್ಟೆ.

“ಏನ್ ಗುರುಗಳೇ, ಬಿಳಿಗೋಡೆ ಇನ್ನೂ ಹಾಗೇ ನಿಂತಿದೆ, ಒಂದು ಹಿಡಿ ಹಿಮವೂ ಜಾರಿಲ್ಲ. ಬೆಳಿಗ್ಗೆ ಅಲ್ಲಿ ಇಳಿದ ಗಂಡಸು ಮಧ್ಯಾಹ್ನ ಚಳ್ಳಕೆರೆ ಹುಡುಗನ ಬಾಲ ಹಿಡಿದು ಬರೋದಾ? ಯಾರಾದರೂ ಕೇಳಿದರೆ ಏನಂತಾರೆ?”

ಗುರುಗಳು ಗಡ್ಡದ ಹಿಮ ಕೊಡವಿ, ನನ್ನ ಮುಖ ನೋಡಿಯೇ ಹೇಳಿದರು.

“ಗೌರಕ್ಕ, ನಾನು ನೋಡಿದ್ದು ಬೆಳಗಿನ ಹಿಮ. ಇವನು ನೋಡಿದ್ದು ಈಗಿನದು.”