ತೂಬಿಗೆ ಯಾರೂ ಕೈ ಹಾಕಬೇಡಿ

"ಗುರುಗಳೇ, ಓದು ಮುಗಿಸಲೋ, ಎಲ್ಲ ಬಿಟ್ಟು ಊರಿನ ಚರ್ಚಿಗೆ ಹೊರಟುಹೋಗಲೋ? ನೀವೇ ಒಂದು ಮಾತು ಹೇಳಿಬಿಡಿ. ಯೋಚನೆ ಮಾಡಿ ಮಾಡಿ ನನಗೆ ಸಾಕಾಗಿದೆ."

ಹನೋಕ ತನ್ನ ಪ್ರಬಂಧದ ಗುರುಗಳ ಕೋಣೆಯ ಬಾಗಿಲಲ್ಲಿ ನಿಂತೇ ಹೀಗೆ ಕೇಳಿದ. ಗುರುಗಳು ಕುರ್ಚಿ ತೋರಿಸಿದರು. ಅವನು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ಆಮೇಲೆ ಕೂತ. ಒಮ್ಮೆ ಕೂತರೆ ಮತ್ತೆ ಏಳುವುದು ಕಷ್ಟ ಎನ್ನುವಷ್ಟು ದಣಿದಿದ್ದ.

ಹನೋಕ ಸಭಾಪಾಲಕ, ಎಂದರೆ ಪಾದ್ರಿ. ಬಯಲುಸೀಮೆಯ ಒಂದು ಸಣ್ಣ ಊರಿನ ಚರ್ಚನ್ನು ಬಹಳ ವರ್ಷ ನೋಡಿಕೊಂಡವನು. ಭಾನುವಾರದ ಪ್ರಸಂಗ, ಮನೆಮನೆಯ ಭೇಟಿ, ಮದುವೆ, ದೀಕ್ಷಾಸ್ನಾನ, ಸತ್ತವರ ಮಣ್ಣು, ಇದ್ದವರ ಜಗಳ, ಎಲ್ಲಕ್ಕೂ ಅವನೇ. ಜನರಿಗೆ ಅವನ ಮೇಲೆ ಪ್ರೀತಿಯೂ ಇತ್ತು. ಆ ಪ್ರೀತಿಯೇ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಒಂದು ಭಾನುವಾರ ಪ್ರಸಂಗಕ್ಕೆ ನಿಂತು ಬಾಯಿ ತೆರೆದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಹಳೆಯದೊಂದು ಪ್ರಸಂಗವನ್ನೇ ಹಿಂದುಮುಂದು ಮಾಡಿ ಹೇಳಿ ಇಳಿದ. ಯಾರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲವಲ್ಲ ಎಂದು ಅವನಿಗೆ ಇನ್ನಷ್ಟು ಬೇಸರವಾಯಿತು. ಮೇಲಿನವರಲ್ಲಿ ರಜೆ ಕೇಳಿಕೊಂಡು ಪಟ್ಟಣದ ದೈವಶಾಸ್ತ್ರ ಕಾಲೇಜಿಗೆ ಬಂದು ಡಾಕ್ಟರೇಟಿಗೆ ಸೇರಿದ. ಸಭಾಪಾಲನೆ ಮಾಡಿ ಸುಸ್ತಾದವರಿಗೆ ಸಭಾಪಾಲನೆಯನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆಂದು ಕಲಿಸುವ ಓದು ಅದು.

ಅವನು ಆರಿಸಿಕೊಂಡ ವಿಷಯವೂ ಒಳ್ಳೆಯದೇ. ವಿಶ್ವಾಸಿಗಳೆಲ್ಲರೂ ಯಾಜಕರೇ, ದೇವರ ಮುಂದೆ ನಿಲ್ಲಲು, ಇನ್ನೊಬ್ಬರಿಗಾಗಿ ಬೇಡಿಕೊಳ್ಳಲು ಗುರುಪಟ್ಟ ಪಡೆದ ಅಯ್ಯನವರೇ ಆಗಬೇಕೆಂದಿಲ್ಲ ಎಂಬುದು ಅವನ ಪ್ರಬಂಧದ ಸಾರ. ಹೇಳಲು ಒಂದು ವಾಕ್ಯ ಸಾಕು. ಆದರೆ ಒಂದು ವಾಕ್ಯಕ್ಕೆ ಯಾರೂ ಪದವಿ ಕೊಡುವುದಿಲ್ಲವಲ್ಲ! ಹನೋಕ ಮರೆತ ಗ್ರೀಕನ್ನು ಮತ್ತೆ ಕಲಿತ, ಹೀಬ್ರೂ ಕಲಿತ. ಒಂದು ಪುಸ್ತಕ ತೆರೆದರೆ ಅದರ ಅಡಿಟಿಪ್ಪಣಿ ಇನ್ನೊಂದು ಪುಸ್ತಕದ ಬಾಗಿಲಿಗೆ ಕಳಿಸುತ್ತಿತ್ತು. ಅಲ್ಲಿ ಹೋದರೆ ಅದು ಮತ್ತೊಂದರ ಬಾಗಿಲಿಗೆ. ಹೀಗೇ ವರ್ಷಗಳು ಕಳೆದು ಈಗ ಕೊನೆಯ ಅಧ್ಯಾಯ ಒಂದು ಬಾಕಿಯಿತ್ತು. ಅದನ್ನು ಈ ವಾರ ಒಪ್ಪಿಸಬೇಕು. ತಪ್ಪಿದರೆ ಇನ್ನೊಂದು ವರ್ಷ.

ಆ ದಿನ ಬೆಳಿಗ್ಗೆ ಊರಿನಿಂದ ಸಭೆಯ ಹಿರಿಯ ದಾನಿಯೇಲಪ್ಪ ಫೋನ್ ಮಾಡಿದ್ದ. ಅವನು ಹೇಳಿದ್ದನ್ನು ಹನೋಕ ಗುರುಗಳಿಗೆ ಹಾಗೆ ಹಾಗೆಯೇ ಒಪ್ಪಿಸಿದ. "ಅಯ್ನೋರೇ, ರಾಹೇಲಮ್ಮ ಇವತ್ತೋ ನಾಳೆಯೋ ಅನ್ನಂಗವ್ಳೆ. ಅಯ್ನೋರು ಬಂದು ಪ್ರಾರ್ಥನೆ ಮಾಡ್ಲಿ, ಆಮ್ಯಾಕೆ ನೆಮ್ಮದಿಯಾಗಿ ಹೋಯ್ತೀನಿ ಅಂತಾವ್ಳೆ. ನಿಮ್ಮುನ್ನೇ ಕಾಯ್ತಾವ್ಳೆ. ಏನ್ ಮಾಡಾನ ಹೇಳಿ."

ರಾಹೇಲಮ್ಮ ಹನೋಕನನ್ನು ಮಗನ ಹಾಗೆ ನೋಡಿಕೊಂಡವಳು. ಅವನು ಆ ಊರಿಗೆ ಹೊಸದಾಗಿ ಬಂದಾಗ ಮೊದಲ ಮುದ್ದೆ ಉಂಡದ್ದು ಅವಳ ಮನೆಯಲ್ಲಿ.

"ಅಲ್ಲಿ ಬೇರೆ ಯಾರೂ ಪ್ರಾರ್ಥನೆ ಮಾಡೋದಿಲ್ಲವೇನಪ್ಪ?" ಎಂದು ಗುರುಗಳು ಕೇಳಿದರು.

"ಇಲ್ಲ ಗುರುಗಳೇ. ಮೊದಲು ದಾನಿಯೇಲಪ್ಪ ಮಾಡ್ತಿದ್ದ. ಒಂದ್ಸಲ ತುಂಬಿದ ಸಭೆಯಲ್ಲಿ ಎದ್ದು ನಿಂತು, 'ಪರಲೋಕದ ತಂದೆಯೇ, ನೀನು ನಮಗೋಸ್ಕರ ಶಿಲುಬೆ ಮೇಲೆ ಪ್ರಾಣ ಕೊಟ್ಟೆಯಲ್ಲಪ್ಪಾ' ಅಂತ ಅತ್ತುಬಿಟ್ಟ." ಹನೋಕನಿಗೆ ಆ ದಣಿವಿನಲ್ಲೂ ಸ್ವಲ್ಪ ನಗು ಬಂತು. "ಆರಾಧನೆ ಮುಗಿದ ಮೇಲೆ ಮೆಲ್ಲಗೆ ತಿದ್ದಿದೆ. ಪ್ರಾಣ ಕೊಟ್ಟದ್ದು ತಂದೆಯಲ್ಲ, ಮಗ ಯೇಸು ಅಂದೆ. 'ಆಗ್ಲಿ ಅಯ್ನೋರೇ' ಅಂದ. ಆಮೇಲೆ ಅವನೂ ಬಾಯಿ ತೆರೀಲಿಲ್ಲ, ಬೇರೆಯವರೂ ತೆರೀಲಿಲ್ಲ. ಅಲ್ಲಿ ಎಲ್ಲಕ್ಕೂ ನಾನೇ ಆಗ್ಬೇಕು."

ಗುರುಗಳು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಉಜ್ಜಿಕೊಂಡರು. ಅವರಿಗೂ ವಯಸ್ಸಾಗಿತ್ತು. ಹೋಗಲೋ ಇರಲೋ ಎಂದು ಕೇಳಿಕೊಂಡು ಬಂದ ಎಷ್ಟೋ ಮುಖಗಳನ್ನು ಅವರು ಆ ಕುರ್ಚಿಯಲ್ಲಿ ನೋಡಿದ್ದರು. ಉತ್ತರ ಕೊಡುವ ಆಸೆ ಅವರಲ್ಲಿ ಎಂದೋ ಸವೆದುಹೋಗಿತ್ತು. ಆದ್ದರಿಂದ ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ನೀರಗಂಟಿ ಇದ್ದ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವನ ಕೆಲಸ. ಅವನು ನ್ಯಾಯವಂತ. ಮೇಲಿನ ಗದ್ದೆ ಕೆಳಗಿನ ಗದ್ದೆ ಎಂಬ ಭೇದವಿರಲಿಲ್ಲ. ತೂಬಿಗೆ ಮಾತ್ರ ಬೇರೆ ಯಾರ ಕೈಯನ್ನೂ ತಾಕಿಸುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ರೈತ ತಾನೇ ತೂಬು ಎತ್ತಲು ಹೋಗಿ ಓರೆಯಾಗಿ ಎತ್ತಿದ್ದ. ಒಂದಿಷ್ಟು ನೀರು ಪೋಲಾಯಿತು. ನೀರಗಂಟಿ ಅವನನ್ನು ಬೈಯಲೂ ಇಲ್ಲ. ಇದು ನಿನ್ನಿಂದಾಗುವ ಕೆಲಸವಲ್ಲ ಬಿಡಪ್ಪ ಎಂದ, ಅಷ್ಟೆ. ಅಂದಿನಿಂದ ಊರಿನವರು ತೂಬಿನ ಹತ್ತಿರ ಸುಳಿಯಲಿಲ್ಲ.

ಒಂದು ವರ್ಷ ಕೆರೆಯಲ್ಲಿ ನೀರು ಇಳಿಯಿತು. ಜನ ನೀರಗಂಟಿಯನ್ನು ಕಂಡಲ್ಲೆಲ್ಲ ನಿಲ್ಲಿಸಿ ಕೇಳತೊಡಗಿದರು. ನೀರು ಬರುತ್ತದಾ? ಬರುತ್ತದೆ ಎನ್ನುತ್ತಿದ್ದ. ಎಲ್ಲಿಂದ ಬರುತ್ತದೆ? ಅದು ಅವನಿಗೆ ಗೊತ್ತಿರಲಿಲ್ಲ. ಬರುತ್ತದೆ, ಬರುತ್ತದೆ ಎಂದು ಹೇಳಿ ಹೇಳಿ ಆ ಮಾತು ಅವನ ಬಾಯಲ್ಲೇ ಸಪ್ಪೆಯಾಯಿತು. ತನಗೇ ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಎಷ್ಟು ದಿನ ಹೇಳುವುದು? ಅವನಿಗೆ ನಾಚಿಕೆಯಾಯಿತು. ನೀರಿನ ಮೂಲ ತಿಳಿದುಕೊಂಡೇ ಬರುತ್ತೇನೆ, ಆಮೇಲೆ ಧೈರ್ಯವಾಗಿ ಹೇಳುತ್ತೇನೆ ಎಂದು ಹೊರಟ.

ಹೊರಡುವ ಮುಂಚೆ ತೂಬನ್ನು ಬಿಗಿಯಾಗಿ ಮುಚ್ಚಿದ. ಇರುವ ನೀರಾದರೂ ಉಳಿಯಲಿ ಎಂದು ಸಂದುಗಳಿಗೆ ಜೇಡಿಮಣ್ಣು ಮೆತ್ತಿದ. "ನಾನು ಬರೋಗಂಟ ತೂಬಿಗೆ ಯಾರೂ ಕೈ ಹಾಕಬೇಡಿ" ಎಂದು ಊರಿನವರಿಗೆ ಹೇಳಿದ. ಊರಿನವರು ಒಪ್ಪಿದರು.

ಕಾಲುವೆ ಹಿಡಿದು ಮೇಲಕ್ಕೆ ನಡೆದರೆ ಇನ್ನೊಂದು ಕೆರೆ ಸಿಕ್ಕಿತು. ಈ ಕೆರೆ ತುಂಬಿ ಕೋಡಿ ಹರಿದರೆ ನಿಮ್ಮ ಕೆರೆಗೆ ನೀರು ಎಂದು ಅಲ್ಲಿನ ನೀರಗಂಟಿ ಹೇಳಿದ. ಈ ಕೆರೆಗೆ ಎಲ್ಲಿಂದ? ಮೇಲಿನ ಕೆರೆಯ ಕೋಡಿಯಿಂದ. ಅವನು ಮೇಲಿನ ಕೆರೆಗೆ ಹೋದ. ಅಲ್ಲಿಯೂ ಅದೇ ಮಾತು. ಕೆರೆಯ ಮೇಲೆ ಕೆರೆ, ಅದರ ಮೇಲೆ ಮತ್ತೊಂದು. ಕಾಲು ಊದಿಕೊಂಡವು. ಹಿಂದಿರುಗೋಣ ಎಂದು ಎಷ್ಟೋ ಸಲ ಅನಿಸಿತು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೇ ಎಂದುಕೊಂಡು ಮತ್ತೆ ನಡೆದ.

ಇಲ್ಲಿ ಹನೋಕ ತಲೆ ತಗ್ಗಿಸಿದ. ಅಡಿಟಿಪ್ಪಣಿಗಳು ಅವನ ಕಣ್ಣ ಮುಂದೆ ಬಂದವು.

ಕೊನೆಗೆ ಒಂದು ಬೆಟ್ಟದ ಬುಡ ಬಂತು, ಎಂದು ಗುರುಗಳು ಮುಂದುವರಿಸಿದರು. ಅಲ್ಲಿ ಕೆರೆಯೂ ಇರಲಿಲ್ಲ. ಒಂದು ಸಣ್ಣ ಕುಂಟೆ, ಅದರಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದ ಒಬ್ಬ ಕುರುಬ. ನೀರಗಂಟಿ ಅವನನ್ನೂ ಅದೇ ಪ್ರಶ್ನೆ ಕೇಳಿದ. ಕುರುಬ, "ಮ್ಯಾಲಿಂದ" ಎಂದ. ಮೇಲೆ ಯಾವ ಕೆರೆ ಎಂದು ನೀರಗಂಟಿ ಕೇಳಿದ. ಕುರುಬನಿಗೆ ನಗು ತಡೆಯಲಾಗಲಿಲ್ಲ. ಆಕಾಶಕ್ಕೆ ಕೈ ತೋರಿಸಿ ಕುರಿ ಹೊಡೆದುಕೊಂಡು ಹೋದ.

ಆ ಸಂಜೆಯೇ ಮಳೆ ಹಿಡಿಯಿತು. ನೀರಗಂಟಿ ಒಂದು ಬಂಡೆಯ ಮರೆಯಲ್ಲಿ ಕೂತು ನೋಡಿದ. ಹನಿ ಸೇರಿ ಝರಿಯಾಗುವುದು, ಝರಿ ಸೇರಿ ಹಳ್ಳವಾಗುವುದು, ಹಳ್ಳ ಇಳಿದು ಕೆರೆ ಹುಡುಕಿಕೊಂಡು ಹೋಗುವುದು, ಎಲ್ಲವನ್ನೂ ನೋಡಿದ. ಜೀವಮಾನವಿಡೀ ಯಾವ ನೀರನ್ನು ಬಿಟ್ಟು ಕಟ್ಟಿ ಮಾಡಿದ್ದನೋ ಆ ನೀರು ಹುಟ್ಟುವುದನ್ನು ಕಣ್ಣಾರೆ ಕಂಡ. ಅವನಿಗೆ ಸಂತೋಷವಾಯಿತು. ಸುಳ್ಳು ಸಂತೋಷವಲ್ಲ ಹನೋಕ, ನಿಜವಾದ ಸಂತೋಷ. ಮರುದಿನವೇ ಹೊರಡಬಹುದಿತ್ತು. ಯಾವ ಝರಿ ಯಾವ ಹಳ್ಳಕ್ಕೆ ಸೇರುತ್ತದೆ ಎಂಬುದನ್ನೂ ನೋಡಿಬಿಡೋಣ ಎಂದು ಉಳಿದ. ಮಳೆಗಾಲವೆಲ್ಲ ಉಳಿದ. ಅಲ್ಲಿ ಅವನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಅವನು ಕಣ್ತುಂಬ ನಿದ್ದೆ ಮಾಡಿದ.

ಹನೋಕನ ಕಣ್ಣಲ್ಲಿ ನೀರು ತುಂಬಿತು. ಲೈಬ್ರರಿಯ ಮೂಲೆಯ ಮೇಜಿನಲ್ಲಿ ಅವನು ಅಂಥ ಸಂತೋಷವನ್ನು ಕಂಡಿದ್ದ. ಅಲ್ಲಿಯೂ ಅಯ್ನೋರೇ ಎಂದು ಕರೆಯುವವರು ಯಾರೂ ಇರಲಿಲ್ಲ. ಅದು ಅವನಿಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ನೀರಗಂಟಿ ಊರಿಗೆ ಬಂದ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ. ದೂರದಿಂದಲೇ ಕೆರೆ ಕಾಣಿಸಿತು. ಮೇಲಿನ ಕೆರೆಗಳೆಲ್ಲ ತುಂಬಿ ಹರಿದು ಈ ಕೆರೆಯೂ ತುಂಬಿತ್ತು. ಹೆಚ್ಚಾದ ನೀರು ಕೋಡಿಯಲ್ಲಿ ಬಿದ್ದು ಮುಂದಿನ ಊರಿಗೆ ಹೋಗುತ್ತಿತ್ತು. ಅವನು ಕುಣಿಯುವುದೊಂದು ಬಾಕಿ. ಕೆರೆಯ ಏರಿ ಹತ್ತಿ ಈ ಕಡೆ ನೋಡಿದ. ಗದ್ದೆಗಳು ಒಣಗಿ ನಿಂತಿದ್ದವು. ಬೆಟ್ಟದ ಮೇಲೆ ಬಿದ್ದ ಮಳೆ ಗದ್ದೆಗಳ ಮೇಲೆ ಬಿದ್ದಿರಲಿಲ್ಲ. ಪೈರು ತೆನೆ ಬಿಡುವ ಮುಂಚೆಯೇ ಸುಟ್ಟುಹೋಗಿತ್ತು. ಊರಿನವರು ಏರಿಯ ಮೇಲೆ ಸಾಲಾಗಿ ಕೂತು ತುಂಬಿದ ಕೆರೆಯನ್ನು ನೋಡುತ್ತಿದ್ದರು.

"ಇಷ್ಟು ನೀರು ಇಟ್ಕೊಂಡು ಸುಮ್ನೆ ಕೂತಿದ್ದೀರಲ್ಲ! ತೂಬು ಎತ್ತಬಾರ್ದಾಗಿತ್ತಾ?" ಎಂದು ನೀರಗಂಟಿ ಕೂಗಿದ.

"ಯಾರೂ ಕೈ ಹಾಕ್ಬೇಡಿ ಅಂದಿದ್ಯಲ್ಲಣ್ಣ. ನಮ್ ಕೈಲಾಗೋ ಕೆಲ್ಸ ಅಲ್ಲ ಅಂತಾನೂ ನೀನೇ ಅಂದಿದ್ದೆ" ಎಂದ ಒಬ್ಬ. ಹಿಂದೆ ತೂಬನ್ನು ಓರೆಯಾಗಿ ಎತ್ತಿದ್ದವನು ಅವನೇ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ. "ಅದಿರ್ಲಿ, ನೀರು ಎಲ್ಲಿಂದ ಬತ್ತದೆ ಅಂತ ತಿಳೀತಾ?"

ತಿಳಿಯಿತು ಎಂದ ನೀರಗಂಟಿ. ಕೆರೆಗೆ ಇಳಿದು ತೂಬು ಎತ್ತಿದ. ನೀರು ಕಾಲುವೆ ತುಂಬಿ ಗದ್ದೆಗಳಿಗೆ ಹರಿಯಿತು. ನೆಲ ಮೆತ್ತಗಾಯಿತು. ಜನ ಎದ್ದು ಹೋಗಿ ಒಣಗಿದ ಪೈರನ್ನು ಸುಲಭವಾಗಿ ಕಿತ್ತು ದನಗಳಿಗೆ ಹಾಕಿದರು.

ಗುರುಗಳು ಕತೆ ನಿಲ್ಲಿಸಿದರು. ಹನೋಕ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಅವನಿಗೆ ದುಃಖವೂ ಆಗಿತ್ತು, ಹಗುರವೂ ಆಗಿತ್ತು. ಕಡೆಗೂ ಒಂದು ತೀರ್ಪು ಸಿಕ್ಕಿತಲ್ಲ ಎಂದುಕೊಂಡ.

"ಅರ್ಥವಾಯ್ತು ಗುರುಗಳೇ," ಎಂದು ಎದ್ದು ನಿಂತ. "ಅವನು ಊರು ಬಿಟ್ಟು ಹೋಗಲೇಬಾರದಿತ್ತು. ಓದು ಹಾಳಾಗಲಿ. ನಾನು ಈಗಲೇ ಬಸ್ಸು ಹತ್ತುತ್ತೇನೆ. ನಾನು ಹೋಗದಿದ್ದರೆ ಆ ತಾಯಿಗೆ ಪ್ರಾರ್ಥನೆ ಮಾಡುವವರು ಯಾರಿದ್ದಾರೆ?"

"ಹೋಗಬಾರದಿತ್ತು ಅಂತ ನಾನೆಲ್ಲಿ ಹೇಳಿದೆ?" ಎಂದರು ಗುರುಗಳು. ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಹನೋಕನ ಪ್ರಬಂಧವನ್ನು ಮೊದಲ ಪುಟದಿಂದ ಓದಿ ತಿದ್ದಿಕೊಂಡು ಬಂದವರು ಅವರೇ. ಆದರೂ ಏನೂ ತಿಳಿಯದವರ ಹಾಗೆ ಅವನ ಮುಖ ನೋಡಿ ಕೇಳಿದರು.

"ನಿನ್ನ ಪ್ರಬಂಧದ ವಿಷಯ ಏನಂದೆ, ಹನೋಕ?"

"ವಿಶ್ವಾಸಿಗಳೆಲ್ಲರೂ ಯಾಜಕರೇ..." ಎಂದ ಹನೋಕ. ಹಾಗೆಂದವನೇ ದಾನಿಯೇಲಪ್ಪನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ.